ಶೂನ್ಯಮಾಸದ ಅಬ್ಬಿ

ಧನುರ್ಮಾಸದಲ್ಲಿ ಯಾರೂ ತಾಳಿ ಕಟ್ಟುವುದಿಲ್ಲ.
ಹಾಸನದ ನನ್ನ ಸ್ಟುಡಿಯೋದಲ್ಲಿ ಆಗ
ಪಾಸ್‌ಪೋರ್ಟ್ ಸೈಜಿನ ಮುಖಗಳು ಮಾತ್ರ,
ಅದೂ ದಿನಕ್ಕೆ ನಾಲ್ಕು.
ಮದುವೆಮನೆಯ ದೀಪಗಳಿಗೆ ಗೋಣಿ ಹೊದಿಸಿ,
ಮೂರು ಕಾಲಿನ ಸ್ಟ್ಯಾಂಡು ಹೆಗಲಿಗೇರಿಸಿ
ಹೆತ್ತೂರಿನ ಮೊದಲ ಬಸ್ಸಿಗೆ ಕಾಯುತ್ತೇನೆ,
ಮಂಕಿ ಟೋಪಿಯೊಳಗೆ ನನ್ನ ಉಸಿರು ನನಗೇ ಬಿಸಿ.

ಮಳೆಗಾಲದಲ್ಲಿ ಅಬ್ಬಿ ಎಲ್ಲರದು.
ಕಾರುಗಳು, ಜೋಳ ಸುಡುವವರು, ಜಾರಿ ಬಿದ್ದವರ ಒಂಟಿ ಚಪ್ಪಲಿ.
ಆಗ ಅದಕ್ಕೆ ಮುಖವೇ ಇರುವುದಿಲ್ಲ,
ಬರೀ ಬಾಯಿ.
ಪುಷ್ಯದಲ್ಲಿ ಬಂದವನಿಗೆ
ಬಂಡೆಯ ಮೂಳೆ ಕಾಣುತ್ತದೆ,
ಯಾವ ಸಂದಿಗೆ ತಿರುಗಲಿ ಎಂದು
ನೀರು ಒಂದು ಕ್ಷಣ ತಡೆಯುವುದೂ.

ದ್ಯಾವಯ್ಯ ಮುಂದೆ, ನಾನು ಹಿಂದೆ.
ಅವನು ದಾರಿ ತೋರಿಸಲು ಬಂದವನಲ್ಲ.
ಊರಿನ ಹದಿನಾರು ಮನೆಗೆ ಅಬ್ಬಿಯ ನೆತ್ತಿಯಿಂದ
ಕಪ್ಪು ಪೈಪಿನಲ್ಲಿ ನೀರಿಳಿಯುತ್ತದೆ,
ಅದರ ಬಾಯಿಗೆ ಎಲೆ ಕಟ್ಟಿದೆ, ಬಿಡಿಸಬೇಕು.
"ಬಂದ್ರೆ ಬನ್ನಿ" ಎಂದಿದ್ದ, ಅಷ್ಟೇ.
ಇಂಬಳಗಳೆಲ್ಲ ಮಣ್ಣು ಸೇರಿದ ಕಾಲ,
ಆದರೂ ಅಭ್ಯಾಸಬಲದಿಂದ
ನಾಲ್ಕು ಹೆಜ್ಜೆಗೊಮ್ಮೆ ಕಣಕಾಲು ನೋಡಿಕೊಳ್ಳುತ್ತೇನೆ.
ಹುಲ್ಲು ಮೊಣಕಾಲಿನವರೆಗೆ ಒದ್ದೆ.
ಕೆಳಗೆ ಕಾಫಿಹಣ್ಣು ಕುಯ್ಯುವವರು
ಇನ್ನೂ ಬೆಂಕಿ ಬಿಟ್ಟು ಎದ್ದಿಲ್ಲ.
ಬ್ಯಾಟರಿ ಚಳಿಗೆ ಸಾಯುತ್ತದೆಂದು
ಎರಡನ್ನೂ ಕಂಕುಳಲ್ಲಿ ಅವುಚಿಕೊಂಡಿದ್ದೇನೆ,
ಕೋಳಿ ಕಾವು ಕೂತ ಹಾಗೆ.
ದ್ಯಾವಯ್ಯ ತಿರುಗಿ ನೋಡಿ
"ಜ್ವರ ನೋಡ್ಕತಾ ಇದೀರಾ?" ಎಂದ.

ಅಬ್ಬಿ ಇತ್ತು. ಕರೆಯಲಿಲ್ಲ.
ಐದಾಳೆತ್ತರದಿಂದ ಮೂರು ಎಳೆ,
ಒಂದು ಅರ್ಧದಲ್ಲೇ ಗಾಳಿಯ ಪಾಲು.
ಬಿಸಿಲು ಇನ್ನೂ ಗುಡ್ಡದ ಆಚೆ ಬೆನ್ನಿಗಿತ್ತು.
ಎಷ್ಟು ಪಕ್ಕಕ್ಕೆ ಸರಿದರೂ
ಆ ಪೈಪು ಚೌಕಟ್ಟಿನ ಮೂಲೆಗೆ ಬಂದೇ ಬರುತ್ತದೆ;
ಇರಲಿ ಅಂದೆ.
ಗಾಜಿಗೆ ಕವಿದ ಮಂಜು ಒರೆಸಿ, ಮತ್ತೆ ಒರೆಸಿ,
ಅದರ ಮುಂದೆ ಕಪ್ಪು ಗಾಜು ಸಿಕ್ಕಿಸಿ
ಕ್ಯಾಮೆರಾದ ಕಣ್ಣನ್ನು ಮೂವತ್ತು ಸೆಕೆಂಡು ತೆರೆದಿಟ್ಟೆ.

ಮೂವತ್ತು ಸೆಕೆಂಡು ಎಂದರೆ
ಅಷ್ಟರಲ್ಲಿ ಧಾರೆ ಎರೆದು ಮುಗಿದಿರುತ್ತದೆ.
ಉಸಿರು ಹಿಡಿದು ನಿಂತೆ, ಯಾಕೋ;
ಉಸಿರಿಗೂ ಕ್ಯಾಮೆರಾಕ್ಕೂ ಸಂಬಂಧವಿಲ್ಲ.
ಅದೇ ಹೊತ್ತಿಗೆ ದ್ಯಾವಯ್ಯ, ಕತ್ತಿ ಸೊಂಟಕ್ಕೆ ಸಿಕ್ಕಿಸಿ,
ಎಡದಿಂದ ಬಲಕ್ಕೆ ನನ್ನ ಚಿತ್ರವನ್ನೇ ದಾಟಿದ,
ನಡುವೆ ನಿಂತು ಮುಖ ತೊಳೆದ,
ಹೋದ.
ಬೈಯಲು ಬಾಯಿ ತೆರೆದು, ಮುಚ್ಚಿದೆ.

ನೀರು ಹಿಂಜಿದ ಅರಳೆಯಾಗಿ ಇಳಿದಿತ್ತು. ಬಂಡೆ ಇತ್ತು.
ಜರಿಗಿಡದ ಒಂದೊಂದು ಹಲ್ಲೂ ಇತ್ತು.
ಅವನಿರಲಿಲ್ಲ.
ಮುಖ ತೊಳೆದ ಕಡೆ ಹೊಗೆಯಂಥದ್ದೇನೋ,
ಅದರ ಕೆಳಗೆ ಎರಡು ಪಾದ.
"ನಾನೆಲ್ ಹೋದೆ?"
"ಅಲ್ಲಾಡಿದ್ರಿ. ಅಲ್ಲಾಡಿದ್ದು ಉಳಿಯಲ್ಲ."
ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ.
"ನೀರೂ ಅಲ್ಲಾಡ್ತಲ್ಲ ಸ್ವಾಮಿ, ಅದೆಂಗೆ ಉಳೀತು?"

ಇಪ್ಪತ್ತೆರಡು ವರ್ಷದಿಂದ ಜನರಿಗೆ
ಅಲ್ಲಾಡಬೇಡಿ, ಅಲ್ಲಾಡಬೇಡಿ ಎನ್ನುತ್ತ ಬಂದವನು ನಾನು.
ಹೋಗುತ್ತಲೇ ಇರುವುದು ಬರುತ್ತಲೂ ಇದ್ದರೆ
ಅದರ ಜಾಗ ಖಾಲಿಯಾಗುವುದಿಲ್ಲ
ಅಂತೇನೋ ಹೇಳಲು ಹೊರಟೆ.
ಅವನು ಆಗಲೇ ಮೇಲೇರಿ
ತೋಳನ್ನು ಭುಜದವರೆಗೆ ನೀರಿಗೆ ತುರುಕಿ
ಕೊಳೆತ ಎಲೆ ಎಳೆಯುತ್ತಿದ್ದ,
ಚಳಿಯ ಅವ್ವನನ್ನು ಬೈಯುತ್ತಿದ್ದ.
ಪೈಪು ಕೆಮ್ಮಿತು, ಗುಟುಕರಿಸಿತು, ಹರಿಯಿತು.

ಸಂಕ್ರಾಂತಿ ಕಳೆದು ಮದುವೆಗಳು ಶುರುವಾದವು.
ಒಂದು ಪ್ರತಿ ತೆಗೆದು, ರಟ್ಟಿನ ನಡುವೆ ಇಟ್ಟು
ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದೆ.
ವಾರದ ಮೇಲೆ ಅವನ ಬಾಯಲ್ಲೇ ಉತ್ತರ ಬಂತು.
ಚೆನ್ನಾಗಿದೆ, ಕೆಟ್ಟದಾಗಿದೆ ಎಂದೇನಿಲ್ಲ.
ಫೋಟೋದ ಮೂಲೆಯಲ್ಲಿ, ಎರಡನೇ ಜಾಯಿಂಟಿನ ಹತ್ತಿರ
ಬಿಳೀ ದಾರದ ಹಾಗೆ ಏನೋ ಕಂಡಿತಂತೆ,
ಹೋಗಿ ನೋಡಿದರೆ ಸೋರಿಕೆ.
ಸೈಕಲ್ ಟ್ಯೂಬು ಸುತ್ತಿ ಬಿಗಿದಿದ್ದಾನಂತೆ.

ಹಾಗಾಗಿ ಆ ಚಿತ್ರದ ಎರಡು ಅಬ್ಬಿಗಳಲ್ಲಿ
ಚಿಕ್ಕದು ಈಗ ಇಲ್ಲ.